ಜಾಝ್ ಒಗಟಿನಲ್ಲಿ ‘ಹಾಡು ಯಾವುದು?’ ಅಂದರೆ ಏನು ಕೇಳಿದ ಹಾಗೆ?

ಗೆಳೆಯರೇ, ನಮಸ್ಕಾರ.

ಜಾಝ್ ಕೇಳುವ ನಾವು ಕೆಲವರು ಒಂದು ಆಟ ಆಡುತ್ತೇವೆ. ಒಬ್ಬರು ಹೆಸರು ಹೇಳದೆ ಒಂದು ರೆಕಾರ್ಡಿಂಗ್ ಕಳಿಸುತ್ತಾರೆ. ಉಳಿದವರು ಅದನ್ನು ಕೇಳಿ, ಏನಿದು, ಯಾರದು, ಯಾವ ಕಾಲದ್ದು ಅಂತ ಊಹಿಸಬೇಕು. ಇಷ್ಟವಾಯಿತೋ ಇಲ್ಲವೋ, ಯಾಕೆ ಅಂತಲೂ ಬರೆಯಬೇಕು. ಮಾತೆಲ್ಲ ಕನ್ನಡದಲ್ಲೇ. ಆದರೆ ಕೆಲವು ಪದಗಳ ಹತ್ತಿರ ಬಂದಾಗ ಜಗಳ ಶುರುವಾಗುತ್ತದೆ. ಅದನ್ನು ಇಲ್ಲಿ ತಂದು ಹಾಕುತ್ತಿದ್ದೇನೆ.

ಮೊದಲು ಆಟದ ಹೆಸರು. ಜಾಝ್ ಲೋಕದಲ್ಲಿ ಇದು ಬ್ಲೈಂಡ್‌ಫೋಲ್ಡ್ ಟೆಸ್ಟ್. ವಿಮರ್ಶಕ ಲೆನರ್ಡ್ ಫೆದರ್ 1946ರಲ್ಲಿ ಅಮೆರಿಕದ ಮೆಟ್ರೊನೋಮ್ ಪತ್ರಿಕೆಯಲ್ಲಿ ಇದನ್ನು ಶುರು ಮಾಡಿದರು. ಆಮೇಲೆ ಡೌನ್‌ಬೀಟ್ ಪತ್ರಿಕೆಗೆ ತೆಗೆದುಕೊಂಡು ಹೋದರು. ಹೆಸರಾಂತ ಸಂಗೀತಗಾರರನ್ನೇ ಕೂರಿಸಿ, ಯಾರದು ಅಂತ ಹೇಳದೆ ರೆಕಾರ್ಡ್ ಹಾಕಿ, ಅಭಿಪ್ರಾಯ ಕೇಳುವುದು. ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಅಂತಲೂ ಕೇಳುವುದು.

ನಮ್ಮಲ್ಲಿ ಒಬ್ಬರು ಇದಕ್ಕೆ ‘ಕಣ್ಕಟ್ಟು ಪರೀಕ್ಷೆ’ ಅಂತ ಹೆಸರಿಟ್ಟರು. ಪದಕ್ಕೆ ಪದ ಸರಿ. ಅರ್ಥ ಮಾತ್ರ ಪೂರ್ತಿ ಉಲ್ಟಾ. ಕಣ್ಕಟ್ಟು ಅಂದರೆ ಜಾದೂಗಾರ ಮಾಡುವ ಮೋಸ ಅಲ್ವಾ? ಇಲ್ಲಿ ಆಗುವುದು ಮೋಸ ಬಯಲಾಗುವ ಕೆಲಸ. 1951ರಲ್ಲಿ ಟ್ರಂಪೆಟ್‌ನ ರಾಯ್ ಎಲ್ಡ್ರಿಜ್ ಈ ಪರೀಕ್ಷೆಗೆ ಕೂತರು. ಅವರು ಕರಿಯ ಸಂಗೀತಗಾರರು. ನುಡಿಸುತ್ತಿರುವವರು ಬಿಳಿಯರೋ ಕರಿಯರೋ ಅಂತ ಕೇಳಿಯೇ ಹೇಳಬಲ್ಲೆ ಅಂತ ಅವರ ವಾದ. ಫೆದರ್ ಒಂದಾದ ಮೇಲೆ ಒಂದು ರೆಕಾರ್ಡ್ ಹಾಕಿದರು. ಎಲ್ಡ್ರಿಜ್ ಹೇಳಿದ್ದು ಎಷ್ಟೋ ಕಡೆ ತಪ್ಪಾಯಿತು, ಕೊನೆಗೆ ಸೋಲು ಒಪ್ಪಿಕೊಂಡರು. ಇಂಥ ಆಟಕ್ಕೆ ಕಣ್ಕಟ್ಟು ಅಂತ ಹೆಸರಿಡಲು ನನಗಂತೂ ಮನಸ್ಸಿಲ್ಲ.

ನಾನು ಬಳಸುವುದು ‘ಒಗಟು’. ಒಗಟು ಹಾಕುವುದು, ಒಗಟು ಒಡೆಯುವುದು, ಸುಳಿವು ಕೊಡುವುದು, ಎಲ್ಲ ಸಲೀಸಾಗಿ ಬರುತ್ತದೆ. ಕೊರತೆ ಒಂದೇ. ಒಗಟಿಗೆ ಉತ್ತರ ಸಿಕ್ಕರೆ ಆಟ ಮುಗಿಯಿತು. ಇಲ್ಲಿ ಉತ್ತರ ಸಿಗದಿದ್ದರೂ ‘ಪಿಯಾನೊ ಚೆನ್ನಾಗಿದೆ, ಡ್ರಮ್ಸ್ ಜಾಸ್ತಿ ಆಯಿತು’ ಅಂತ ಹೇಳುವುದೇ ಅರ್ಧ ಆಟ. ಆ ಅರ್ಧ ‘ಒಗಟು’ ಪದದೊಳಗೆ ಬರುವುದಿಲ್ಲ.

ಇನ್ನು ನನ್ನ ಮುಖ್ಯ ತಕರಾರು. ನಾವು ಎಲ್ಲದಕ್ಕೂ ‘ಹಾಡು’ ಅನ್ನುತ್ತೇವೆ. ಯಾರೂ ಬಾಯಿ ತೆರೆಯದ, ಬರೀ ವಾದ್ಯಗಳ ರೆಕಾರ್ಡಿಂಗ್ ಕೂಡ ಹಾಡೇ. ಅದು ಪರವಾಗಿಲ್ಲ, ಮಾತು ಹಾಗೇ ಬೆಳೆದಿದೆ. ತೊಂದರೆ ಬೇರೆ ಕಡೆ ಇದೆ. ‘ಹಾಡು ಯಾವುದು?’ ಅಂತ ಕೇಳಿದರೆ ಒಬ್ಬರು ಧಾಟಿಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಆಲ್ಬಂ ಹೆಸರು ಹೇಳುತ್ತಾರೆ, ಮತ್ತೊಬ್ಬರು ‘ಇದು ಎರಡನೇ ಟೇಕ್’ ಅನ್ನುತ್ತಾರೆ. ಮೂವರ ಉತ್ತರವೂ ಸರಿ. ಜಾಝಿನಲ್ಲಿ ಈ ಮೂರೂ ಬೇರೆ ಬೇರೆ, ಮೂರಕ್ಕೂ ಹೆಸರು ಬೇಕು.

ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್ ಅವರ ‘ಕೊ-ಕೊ’ ತೆಗೆದುಕೊಳ್ಳಿ. 1945ರ ನವೆಂಬರ್ 26ರಂದು ಸವಾಯ್ ಕಂಪನಿಗೆ ಮಾಡಿದ ರೆಕಾರ್ಡಿಂಗ್. ಇದು ನಿಂತಿರುವುದು ರೇ ನೋಬಲ್ ಕಟ್ಟಿದ ‘ಚೆರೊಕೀ’ ಹಾಡಿನ ಮೇಲೆ. ಆದರೆ ಚೆರೊಕೀ ಧಾಟಿ ಇದರಲ್ಲಿ ಕೇಳಿಸುವುದೇ ಇಲ್ಲ. ಕೆಳಗಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಸಾಲು ಮಾತ್ರ ಹಳೆಯದು, ಮೇಲಿನದೆಲ್ಲ ಹೊಸದು. ಉಳಿದುಕೊಂಡಿರುವ ಮೊದಲ ಟೇಕ್ ಕೇಳಿದರೆ ಗುಟ್ಟು ಗೊತ್ತಾಗುತ್ತದೆ. ಶುರುವಿನ ಭಾಗ ಮುಗಿದು ಅವರು ಚೆರೊಕೀ ಧಾಟಿಯನ್ನೇ ಹಿಡಿಯುತ್ತಾರೆ. ತಕ್ಷಣ ಚಪ್ಪಾಳೆ, ಸಿಳ್ಳೆ, ನಿಲ್ಲಿಸಿ ಅಂತ ಗಲಾಟೆ. ಅಲ್ಲಿಗೆ ನಿಂತುಹೋಗುತ್ತದೆ. ಧಾಟಿ ನುಡಿಸಿದರೆ ಅದನ್ನು ಕಟ್ಟಿದವರಿಗೆ ರಾಯಲ್ಟಿ ಕೊಡಬೇಕು. ಕಾರ್ಡ್‌ಗಳ ಸಾಲಿಗೆ ಹಾಗೇನಿಲ್ಲ. ಹೀಗಾಗಿ ಆ ಕಾಲದಲ್ಲಿ ಹಳೆಯ ಸಾಲಿನ ಮೇಲೆ ಹೊಸ ಧಾಟಿ ಕಟ್ಟುವುದು ಮಾಮೂಲು. ‘ಹೌ ಹೈ ದಿ ಮೂನ್’ ಮೇಲೆ ‘ಆರ್ನಿಥಾಲಜಿ’ ಬಂದದ್ದೂ ಹಾಗೇ.

ಈಗ ಒಗಟಿನಲ್ಲಿ ಕೊ-ಕೊ ಬಂತು, ಒಬ್ಬರು ‘ಚೆರೊಕೀ’ ಅಂದರು. ಅರ್ಧ ಅಂಕ ಕೊಡಬೇಕೋ ಬೇಡವೋ? ನನ್ನ ಪ್ರಕಾರ ಕೊಡಬೇಕು. ಆದರೆ ಅವರು ಕಂಡುಹಿಡಿದದ್ದು ಏನನ್ನು ಅಂತ ಹೇಳಲು ಪದ ಬೇಕಲ್ಲ!

ನಮ್ಮಲ್ಲಿ ‘ಮಟ್ಟು’ ಅಂತ ಒಳ್ಳೆಯ ಪದ ಇದೆ. ಇಂಥ ಹಾಡಿನ ಮಟ್ಟಿನಲ್ಲಿ ಅಂತ ಬರೆದು, ಹಳೆಯ ಧಾಟಿಗೆ ಹೊಸ ಮಾತು ಕೂರಿಸುತ್ತೇವೆ. ಒಬ್ಬರು ಇದನ್ನೇ ಇಲ್ಲೂ ಬಳಸೋಣ ಅಂದರು, ‘ಕೊ-ಕೊ, ಚೆರೊಕೀ ಮಟ್ಟು’ ಅಂತ. ಓದಲು ಚೆಂದ. ನಾನು ಒಪ್ಪಲಿಲ್ಲ. ಮಟ್ಟಿನಲ್ಲಿ ಉಳಿಯುವುದು ಧಾಟಿ, ಬದಲಾಗುವುದು ಮಾತು. ಇಲ್ಲಿ ಬದಲಾಗಿರುವುದೇ ಧಾಟಿ. ಕೇಳಿದವರು ಚೆರೊಕೀಯ ಧಾಟಿ ಹುಡುಕುತ್ತಾ ಕೂರುತ್ತಾರೆ.

‘ಕಾರ್ಡ್’ ಪದವೂ ತಲೆನೋವೇ. ‘ಕಾರ್ಡ್ ಹಳೆಯದು, ಉಳಿದದ್ದೆಲ್ಲ ಹೊಸದು’ ಅಂತ ಬರೆದರೆ ಬ್ಯಾಂಕಿನ ಕಾರ್ಡ್ ನೆನಪಾಗುತ್ತದೆ. ಸ್ವರಗುಚ್ಛ ನನಗೆ ಭಾರ ಅನ್ನಿಸುತ್ತದೆ. ‘ಸ್ವರಗೊಂಚಲು’ ಆಗಬಹುದು. ಗೊಂಚಲುಗಳು ಒಂದರ ಹಿಂದೆ ಒಂದು ಬರುವುದಕ್ಕೆ ‘ಸಾಲು’ ಸಾಕು. ‘ಕೊ-ಕೊ, ಚೆರೊಕೀ ಸಾಲಿನ ಮೇಲೆ’. ಹೇಗಿದೆ?

‘ಟೇಕ್’ ಪದವನ್ನು ನಾನು ಮುಟ್ಟುವುದಿಲ್ಲ. ಸಿನಿಮಾದಿಂದಾಗಿ ಅದು ಎಲ್ಲರಿಗೂ ಗೊತ್ತು. ಪ್ರಶ್ನೆ ಇರುವುದು ಬಿಡುಗಡೆಯಾದ ಟೇಕ್ ಮತ್ತು ಪಕ್ಕಕ್ಕಿಟ್ಟ ಟೇಕ್ ನಡುವೆ. ಸಿನಿಮಾದಲ್ಲಿ ಟೇಕ್ ಬಿಟ್ಟರು ಅಂದರೆ ಅದು ಕೆಟ್ಟಿತ್ತು ಅಂತ ಅರ್ಥ. ಜಾಝಿನಲ್ಲಿ ಹಾಗಲ್ಲ. ಸೋಲೊ, ಅಂದರೆ ಒಬ್ಬರೇ ಮುಂದೆ ಬಂದು ನುಡಿಸುವ ಭಾಗ, ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಪಕ್ಕಕ್ಕಿಟ್ಟ ಟೇಕ್‌ನಲ್ಲಿ ಸ್ಯಾಕ್ಸೊಫೋನ್ ಇನ್ನೂ ಚೆನ್ನಾಗಿರಬಹುದು, ಎಲ್ಲೋ ಟ್ರಂಪೆಟ್ ತಡವರಿಸಿದ್ದಕ್ಕೆ ಅದನ್ನು ಕೈಬಿಟ್ಟಿರಬಹುದು. ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ ಲೇಬಲ್ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ರೆಕಾರ್ಡಿಂಗ್‌ಗೆ ಕಂಪನಿ ಕೊಟ್ಟ ನಂಬರ್, ಒತ್ತಿರುತ್ತದೆ. ಎಷ್ಟೋ ತಟ್ಟೆಗಳಲ್ಲಿ ಅದರ ಪಕ್ಕದಲ್ಲೇ ಟೇಕ್ ನಂಬರೂ ಸಿಗುತ್ತದೆ. ಹಳೆಯ ಸಂಗ್ರಹಕಾರರು ಮೊದಲು ನೋಡುವುದು ಅಲ್ಲಿ. ‘ತಿರಸ್ಕೃತ ಟೇಕ್’ ಬೇಡವೇ ಬೇಡ. ‘ಇನ್ನೊಂದು ಟೇಕ್’ ಅಂದರೆ ಸಾಕಲ್ವಾ?

ಇದಕ್ಕೂ ಒಂದು ತರಲೆ ಇದೆ. ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಂ ರೆಕಾರ್ಡ್ ಆದದ್ದು 1959ರಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22ರಂದು. ಮಾರ್ಚ್‌ನಲ್ಲಿ ಒಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಬದಿಯ ಮೂರೂ ರೆಕಾರ್ಡಿಂಗ್ ಚೂರು ವೇಗವಾಗಿ, ಚೂರು ಏರಿದ ಶ್ರುತಿಯಲ್ಲಿ ಕೇಳಿಸಿದವು. ಜನ ದಶಕಗಟ್ಟಲೆ ಕೇಳಿದ್ದು ಅದನ್ನೇ. ಸರಿಪಡಿಸಿದ ಆವೃತ್ತಿ ಬಂದದ್ದು 1990ರ ದಶಕದಲ್ಲಿ. ಟೇಕ್ ಒಂದೇ, ಶ್ರುತಿ ಎರಡು. ನಮ್ಮ ಆಟದಲ್ಲಿ ಒಬ್ಬರು ‘ಇದು ಬೇರೆ ಟೇಕ್’ ಅಂತ ಹಟ ಹಿಡಿದದ್ದು ಇದೇ ಕಾರಣಕ್ಕೆ. ಇಂಥದಕ್ಕೆ ‘ಅಚ್ಚು’ ಅನ್ನಬಹುದೇ? ಹಳೆಯ ಅಚ್ಚು, ಹೊಸ ಅಚ್ಚು. ಪುಸ್ತಕಕ್ಕೆ ಒಗ್ಗುತ್ತದೆ, ತಟ್ಟೆಗೂ ಒಗ್ಗೀತು ಅನ್ನಿಸುತ್ತದೆ.

ತಂಡದ ನಾಯಕರ ಜೊತೆ ನುಡಿಸುವ ‘ಸೈಡ್‌ಮ್ಯಾನ್’ಗೆ ‘ಪಕ್ಕವಾದ್ಯದವರು’ ಅಂತ ಒಬ್ಬರು ಬರೆದಿದ್ದರು. ಬೇಡ. ಅದೇ ಆಲ್ಬಂನಲ್ಲಿ ಸ್ಯಾಕ್ಸೊಫೋನ್ ದಿಗ್ಗಜರಾದ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ ಇದ್ದಾರೆ. ಅವರನ್ನು ಪಕ್ಕವಾದ್ಯ ಅಂದರೆ ಯಾರೂ ಒಪ್ಪುವುದಿಲ್ಲ. ‘ತಂಡದವರು’ ಅಂತ ಬರೆದರೆ ಮುಗಿಯಿತು.

ಒಗಟು ಹಾಕುವವರಿಗೆ ಕನ್ನಡ ಒಂದು ಕಡೆ ಸಹಾಯ ಮಾಡುತ್ತದೆ, ಇನ್ನೊಂದು ಕಡೆ ಕೈಕೊಡುತ್ತದೆ. ‘ಅವರು’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಮೇರಿ ಲೂ ವಿಲಿಯಮ್ಸ್ ಅವರ ಪಿಯಾನೊ ಹಾಕಿ ‘ಇವರು ಯಾರು?’ ಅಂತ ನಿಶ್ಚಿಂತೆಯಿಂದ ಕೇಳಬಹುದು. ಕೈಕೊಡುವುದು ಕ್ರಿಯಾಪದ. ಊದುವುದು, ಮೀಟುವುದು, ಬಾರಿಸುವುದು, ಪ್ರತಿಯೊಂದೂ ವಾದ್ಯದ ಗುಟ್ಟು ಬಿಟ್ಟುಕೊಡುತ್ತದೆ. ‘ಈ ತಂಡದ ನಾಯಕರು ಏನು ಮೀಟುತ್ತಾರೆ ಕೇಳಿ’ ಅಂದರೆ ಬಾಸೋ ಗಿಟಾರೋ ಅಂತ ಹೇಳಿದಂತೆಯೇ. ಅದಕ್ಕೇ ಸುಳಿವು ಕೊಡುವಾಗ ನಾನು ಎಲ್ಲಕ್ಕೂ ‘ನುಡಿಸು’ ಬಳಸುತ್ತೇನೆ. ಡ್ರಮ್ಸ್ ನುಡಿಸುವುದು ಅಂದರೆ ಕಿವಿಗೆ ಹಿತವಾಗಿಲ್ಲ, ಗೊತ್ತು. ಆಟದ ಮಟ್ಟಿಗೆ ಹೊಂದಿಕೊಳ್ಳಬೇಕು.

ಇನ್ನೂ ಒಂದು ಇದೆ. ಕೆಲವು ರೆಕಾರ್ಡ್‌ಗಳಲ್ಲಿ ಸಂಗೀತಗಾರರೇ ಹೆಸರು ಮರೆಸಿದ್ದಾರೆ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನಡೆದ ಕಛೇರಿಯ ರೆಕಾರ್ಡ್ ಮೇಲೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವರು ‘ಚಾರ್ಲಿ ಚಾನ್’ ಅಂತ ಇತ್ತು. ಊದಿದ್ದು ಪಾರ್ಕರ್. ಬೇರೆ ಕಂಪನಿಯ ಜೊತೆ ಒಪ್ಪಂದ ಇದ್ದದ್ದರಿಂದ ಸ್ವಂತ ಹೆಸರು ಹಾಕುವಂತಿರಲಿಲ್ಲ. ಪ್ಲಾಸ್ಟಿಕ್ ಸ್ಯಾಕ್ಸೊಫೋನ್ ಹಿಡಿದಿದ್ದರೂ, ಪರಿಚಯ ಇದ್ದವರಿಗೆ ಎರಡು ಕ್ಷಣದಲ್ಲಿ ಆಳು ಯಾರು ಅಂತ ಗೊತ್ತಾಗಿಬಿಡುತ್ತದೆ. ಇಂಥ ಹೆಸರಿಗೆ ‘ಕಾವ್ಯನಾಮ’ ಅನ್ನುವ ಹಾಗಿಲ್ಲ, ಕಾವ್ಯವೇ ಇಲ್ಲ. ‘ಅಂಕಿತ’ವೂ ಅಲ್ಲ. ಅಂಕಿತ ಇಡುವುದು ಗುರುತು ಸಿಗಲಿ ಅಂತ. ‘ಮರೆಹೆಸರು’ ಅಂದರೆ ಆಗುತ್ತದೆಯೇ? ಅಥವಾ ಯಾವುದಾದರೂ ಊರಿನ ಮಾತಿನಲ್ಲಿ ಇದಕ್ಕೆ ಆಗಲೇ ಪದ ಇದೆಯೇ?

ಒಟ್ಟಿನಲ್ಲಿ ನನಗೆ ಬೇಕಾಗಿರುವುದು ಮೂರು: ಬ್ಲೈಂಡ್‌ಫೋಲ್ಡ್ ಟೆಸ್ಟ್‌ಗೆ ಒಗಟಿಗಿಂತ ಒಳ್ಳೆಯ ಹೆಸರು, ಹಳೆಯ ಸಾಲಿನ ಮೇಲೆ ಕಟ್ಟಿದ ಹೊಸ ಧಾಟಿಗೆ ಒಂದೇ ಪದ, ಮತ್ತು ಈ ಮರೆಹೆಸರಿನ ಬಗ್ಗೆ ನಿಮ್ಮ ತೀರ್ಪು. ಜಾಝ್ ಲಯದ ತೂಗಾಟಕ್ಕೆ ಹೇಳುವ ‘ಸ್ವಿಂಗ್’ ಬಗ್ಗೆ ಈಗ ಕೇಳುವುದಿಲ್ಲ, ಅದು ಶುರುವಾದರೆ ಬೇಗ ಮುಗಿಯುವುದಿಲ್ಲ.