ಫುಲ್ ಸ್ಕ್ಯಾನ್ ಹಾಕಿದಾಗ ಮಾತ್ರ ಸಿಪಿಯು ಒಳಗಿಂದ ಟಕ್ ಟಕ್ ಸದ್ದು, ಹಾರ್ಡ್ ಡಿಸ್ಕ್ ಹೋಗ್ತಿದೆಯಾ?

ಶಿಡ್ಲಘಟ್ಟ_ಡಿಟಿಪಿ:
ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ ಹತ್ತಿರ ನಂದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಬರೋರೆಲ್ಲ ಪೆನ್‌ಡ್ರೈವ್ ತರ್ತಾರೆ, ಎಷ್ಟೋ ಸಲ ಒಳಗಿನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರ್ತವೆ, ವೈರಸ್ ಕೆಲಸ. ಅದಕ್ಕೇ ಭಾನುವಾರ ಬಾಗಿಲು ಹಾಕೋ ಹೊತ್ತಿಗೆ ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಬಿಡ್ತೀನಿ.

ಈಗ ಎರಡು ಥರ ಸದ್ದು. ಒಂದು, ಸ್ಕ್ಯಾನ್ ಶುರುವಾದ ಸ್ವಲ್ಪ ಹೊತ್ತಿಗೆ ಗುಂಯ್ ಅಂತ, ಮುಗಿಯೋವರೆಗೂ ಇರುತ್ತೆ. ಭಯ ಆಗ್ತಿರೋದು ಎರಡನೇದಕ್ಕೆ. ಡಿ ಡ್ರೈವ್‌ಗೆ ಬಂದ ಮೇಲೆ ಟಕ್... ಟಕ್... ಟಕ್ ಅಂತ ಒಂದೇ ಲಯದಲ್ಲಿ. ಆಗ ಸ್ಕ್ರೀನ್ ಮೇಲೆ ಫೈಲ್ ಎಣಿಕೆ ನಿಂತುಬಿಡುತ್ತೆ, ಆಮೇಲೆ ತಾನೇ ಮುಂದಕ್ಕೆ ಹೋಗುತ್ತೆ. ಮಾಮೂಲಿ ದಿನ ಲಗ್ನಪತ್ರಿಕೆ ಕಂಪೋಸ್ ಮಾಡುವಾಗ, ಪಹಣಿ ಪ್ರಿಂಟ್ ತೆಗೆಯುವಾಗ ಏನೂ ಇಲ್ಲ.

ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ. ಡಿ ಡ್ರೈವ್ ಹಳೇ 1 ಟಿಬಿ ಹಾರ್ಡ್ ಡಿಸ್ಕ್, ಅಂಗಡಿ ಇಟ್ಟಾಗಿನಿಂದ ಮಾಡಿದ ಪೇಜ್‌ಮೇಕರ್ ಫೈಲ್‌ಗಳೆಲ್ಲ ಅದರಲ್ಲಿವೆ. ಅಕ್ಕನ ಮದುವೆ ಪತ್ರಿಕೆ ಹಿಡ್ಕೊಂಡು ಬಂದು, ತಂಗಿಗೂ ಇದೇ ಥರ ಮಾಡಿಕೊಡಿ ಅನ್ನೋರಿದ್ದಾರೆ. ಅವರಿಗೆ ಇಲ್ಲ ಅನ್ನೋಕೆ ನನಗೆ ಮನಸ್ಸು ಬರಲ್ಲ. ಗೊತ್ತಿರೋರೊಬ್ಬರು ಫಾರ್ಮ್ಯಾಟ್ ಹೊಡೀರಿ, ಸರಿಹೋಗುತ್ತೆ ಅಂದ್ರು. ಮಾಡಲಾ?

ಕೋಲಾರದ_ಹುಡುಗ:
ಅಕ್ಕ, ಗುಂಯ್ ಅನ್ನೋದು ಫ್ಯಾನ್. ಸ್ಕ್ಯಾನ್ ಹೊತ್ತಲ್ಲಿ ಪ್ರೊಸೆಸರ್ ಬಿಸಿಯಾಗುತ್ತೆ, ಫ್ಯಾನ್ ಜೋರಾಗುತ್ತೆ. ಪ್ಲಗ್ ತೆಗೆದು, ರೆಕ್ಕೆ ತಿರುಗದ ಹಾಗೆ ಹಿಡ್ಕೊಂಡು ಬ್ಲೋವರ್‌ನಲ್ಲಿ ಧೂಳು ಊದಿ. ಟಕ್ ಟಕ್ ಬಗ್ಗೆ ಅನುಭವ ಇರೋರು ಹೇಳಲಿ.

ತುಮಕೂರು_ರಿಪೇರಿ:
ಫಾರ್ಮ್ಯಾಟ್ ಬೇಡ ಮೇಡಂ, ಕೈ ಮುಗೀತೀನಿ.

ಸ್ಕ್ಯಾನ್ ಆಗುವಾಗ ಹಾರ್ಡ್ ಡಿಸ್ಕ್ ಸದ್ದು ಮಾಡೋದು ಸಹಜ. ಸಾವಿರಾರು ಸಣ್ಣ ಫೈಲ್ ಓದೋಕೆ ಹೆಡ್, ಅಂದ್ರೆ ಒಳಗಿನ ಓದೋ ಮುಳ್ಳು, ಅತ್ತಿತ್ತ ಓಡ್ತಿರುತ್ತೆ. ಆ ಸದ್ದು ಬಾಣಲೆಯಲ್ಲಿ ಹುರುಳಿಕಾಳು ಸಿಡಿದ ಹಾಗೆ ಚಟಪಟ ಅಂತ, ಲಯ ಇರಲ್ಲ. ನಿಮ್ಮದು ಒಂದೇ ಲಯ, ಜೊತೆಗೆ ಎಣಿಕೆ ಬೇರೆ ನಿಲ್ಲುತ್ತೆ ಅಂತೀರಿ. ಯಾವುದೋ ಸೆಕ್ಟರ್ (ಡಿಸ್ಕ್ ಮೇಲೆ ಡಾಟಾ ಕೂರೋ ಸಣ್ಣ ಜಾಗ) ಓದೋಕಾಗದೆ ಹೆಡ್ ಮತ್ತೆ ಮತ್ತೆ ಅಲ್ಲಿಗೇ ಹೋಗ್ತಿದೆ ಅನ್ನೋದು ನನ್ನ ಅನುಮಾನ. ದಿನಾ ನೀವು ತೆಗೆಯೋದು ಹೊಸ ಫೈಲ್. ವರ್ಷಗಟ್ಟಲೆ ಯಾರೂ ಮುಟ್ಟದ ಫೋಲ್ಡರ್‌ನೂ ಓದೋದು ಫುಲ್ ಸ್ಕ್ಯಾನ್, ಅದಕ್ಕೇ ಆಗ ಮಾತ್ರ ಕೇಳ್ತಿದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ, ಡಿಸ್ಕ್ ಆರೋಗ್ಯ ತೋರಿಸುತ್ತೆ, ಪುಕ್ಕಟೆ ಸಿಗುತ್ತೆ. 05, ಸಿ5, ಸಿ6 ಈ ಮೂರು ಸಾಲು ಸೊನ್ನೆ ಇರಬೇಕು. ಸಿ5 ಅಂದ್ರೆ ಓದೋಕಾಗದೆ ಬಾಕಿ ಉಳಿದಿರೋ ಸೆಕ್ಟರ್‌ಗಳು. ಅಲ್ಲಿ ಸಂಖ್ಯೆ ಹೆಕ್ಸ್‌ನಲ್ಲಿ, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿರುತ್ತೆ, 10 ಅಂತ ಕಂಡರೆ 16 ಅಂತ ಲೆಕ್ಕ. ಸಿ7 (ಕೇಬಲ್‌ನಲ್ಲಿ ಡಾಟಾ ಹೋಗಿ ಬರುವಾಗ ಆದ ತಪ್ಪುಗಳ ಎಣಿಕೆ) ಒಂದೇ ಏರ್ತಿದ್ದರೆ ಡಾಟಾ ಕೇಬಲ್ ಬದಲಾಯಿಸಿ.

ಸಿ5 ಸೊನ್ನೆ ಇಲ್ಲದಿದ್ದರೆ ಇವತ್ತೇ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಶುರು ಮಾಡಿ. ಬೇಕೇಬೇಕಾದದ್ದು ಮೊದಲು, ಸಿಕ್ಕಿಹಾಕಿಕೊಳ್ಳೋ ಫೋಲ್ಡರ್ ಕೊನೆಗೆ. ಅದು ಮುಗಿಯೋವರೆಗೂ ಫುಲ್ ಸ್ಕ್ಯಾನೂ ಬೇಡ, ವಿಂಡೋಸ್‌ನಲ್ಲಿ ಡಿಸ್ಕ್ ತಪಾಸಣೆ ಮಾಡೋ ಚೆಕ್‌ಡಿಸ್ಕೂ ಬೇಡ. ಎರಡೂ ಡಿಸ್ಕ್‌ಗೆ ಕೆಲಸ ಹೆಚ್ಚಿಸ್ತವೆ. ಕಂಪ್ಯೂಟರ್ ಆನ್ ಮಾಡಿದ ತಕ್ಷಣವೇ ಟಕ್ ಟಕ್ ಅಂದು ಡಿ ಡ್ರೈವ್ ಕಾಣದೇ ಹೋದರೆ ಕೂಡಲೇ ಕರೆಂಟ್ ತೆಗೆದು ಡಾಟಾ ರಿಕವರಿಯವರ ಹತ್ತಿರ ಹೋಗಿ.

ಶಿಡ್ಲಘಟ್ಟ_ಡಿಟಿಪಿ:
ನೋಡಿದೆ ಸಾರ್. ಹಳದಿ ಬಣ್ಣದಲ್ಲಿ ಕಾಷನ್ ಅಂತಿದೆ. ಸಿ5ರಲ್ಲಿ 18, ಅಂದ್ರೆ 24. ಕಾಪಿ ಮಾಡುವಾಗ ಹಳೇ ಪತ್ರಿಕೆಗಳ ಒಂದು ಫೋಲ್ಡರ್‌ನಲ್ಲಿ ಅದೇ ಟಕ್ ಟಕ್ ಬಂತು. ಉಳಿದದ್ದೆಲ್ಲ ಬಂದಿದೆ, ಆ ಫೋಲ್ಡರ್‌ನಲ್ಲಿ ಕೆಲವು ಬರಲಿಲ್ಲ. ಅವುಗಳ ಅಚ್ಚಾದ ಪ್ರತಿ ಸ್ಯಾಂಪಲ್ ಆಲ್ಬಮ್‌ನಲ್ಲಿವೆ, ನೋಡ್ಕೊಂಡು ಮತ್ತೆ ಕಂಪೋಸ್ ಮಾಡ್ತೀನಿ. ನಿಮ್ಮ ಉಪಕಾರ ಮರೆಯಲ್ಲ. ಹಳೇ ಡಿಸ್ಕನ್ನ ಗಿರಾಕಿಗಳ ಪೆನ್‌ಡ್ರೈವ್ ನೋಡೋ ಕೆಲಸಕ್ಕೆ ಇಟ್ಕೋಬಹುದಾ?

ತುಮಕೂರು_ರಿಪೇರಿ:
ಬೇಡ. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅದೊಂದನ್ನೇ ಸ್ಕ್ಯಾನ್ ಮಾಡಿ. ಹಳೇ ಡಿಸ್ಕ್‌ನಲ್ಲಿ ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳಿರುತ್ತವೆ. ಗುಜರಿಗೆ ಹಾಕೋ ಮುಂಚೆ ಒಳಗಿನ ಪ್ಲೇಟ್‌ಗಳಿಗೆ ತಾಗೋ ಹಾಗೆ ಡ್ರಿಲ್ ಹೊಡೆಸಿ.