ಸೋಡಿಯಂ ಅಯಾನು ಆಗುವಾಗ ಶಕ್ತಿ ಖರ್ಚಾಗುತ್ತದೆ, ಹಾಗಾದರೆ ಉಪ್ಪು ಹೇಗೆ ಉಂಟಾಗುತ್ತದೆ?

ಪ್ರಶ್ನೆ:
ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನು, ಅಂದರೆ ಆವೇಶವಿರುವ ಪರಮಾಣು, ಆದರೆ ಸೋಡಿಯಂ ಅಷ್ಟಕ (ಹೊರ ಕವಚದಲ್ಲಿ ಎಂಟು ಎಲೆಕ್ಟ್ರಾನು) ಪೂರ್ಣವಾಗಿ ಸ್ಥಿರವಾಗುತ್ತದೆ ಎನ್ನುತ್ತಾರೆ. ಆದರೆ ಆ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 496 ಕಿಲೋಜೂಲ್ ಬೇಕು. ಕ್ಲೋರಿನ್ ಅದನ್ನು ಪಡೆದಾಗ ಹೊರಬರುವುದು 349 ಮಾತ್ರ. ಉಳಿದ 147 ಎಲ್ಲಿಂದ ಬರುತ್ತದೆ? ಎರಡನೇ ಎಲೆಕ್ಟ್ರಾನನ್ನೂ ಯಾಕೆ ಬಿಡುವುದಿಲ್ಲ?

ಉತ್ತರ 1:
ನಿಮ್ಮ ಲೆಕ್ಕ ಸರಿಯಾಗಿದೆ, ಎಡವಿರುವುದು ಆ ವಿವರಣೆ. ಯಾವ ಪರಮಾಣುವೂ ಎಲೆಕ್ಟ್ರಾನನ್ನು ತಾನಾಗಿ ಬಿಟ್ಟುಕೊಡುವುದಿಲ್ಲ, ಕಿತ್ತುಕೊಳ್ಳಬೇಕು. ಖೋತಾ ಇನ್ನೂ ದೊಡ್ಡದೇ ಇದೆ: ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸಲು 108, ಕ್ಲೋರಿನ್ ಅಣು ಒಡೆದು ಒಂದು ಮೋಲ್ ಪರಮಾಣು ಪಡೆಯಲು 121. ಇವಕ್ಕೆ 496 ಕೂಡಿ 349 ಕಳೆದರೆ 376. ಇದನ್ನು ತುಂಬಿಕೊಡುವುದು ಹರಳು. ಅದರಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ 6 ಸೋಡಿಯಂ. ಈ ಜೋಡಣೆಯಿಂದ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಕೊನೆಗೆ ಉಳಿಯುವ ಲಾಭ 411.

ಉತ್ತರ 2:
ಸೋಡಿಯಂನ ಎರಡನೇ ಎಲೆಕ್ಟ್ರಾನ್ ಕೀಳಲು 4562 ಕಿಲೋಜೂಲ್ ಬೇಕು. ಅದು ಒಳಗಿನ ಕವಚದ್ದು. ನ್ಯೂಕ್ಲಿಯಸ್‌ಗೆ ಹತ್ತಿರ, 11 ಪ್ರೋಟಾನುಗಳ ಸೆಳೆತಕ್ಕೆ ಅಡ್ಡ ಬರುವ ಎಲೆಕ್ಟ್ರಾನುಗಳೂ ಕಡಿಮೆ. ಅಷ್ಟನ್ನು ಯಾವ ಹರಳೂ ತುಂಬಿಕೊಡದು. ಬೇರೆ ಲೋಹಗಳಿಗೂ ಹೀಗೇ ನೋಡಿ, ಅಯಾನೀಕರಣ ಶಕ್ತಿಗಳನ್ನು (ಒಂದೊಂದೇ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಸಾಲಾಗಿ ಬರೆದುಕೊಂಡು ಎಲ್ಲಿ ಜಿಗಿಯುತ್ತದೆ ಎಂದು ಗಮನಿಸಿ. ಮೆಗ್ನೀಸಿಯಂ: 738, 1451, ಆಮೇಲೆ ಏಕಾಏಕಿ 7733. ಹಾಗಾಗಿ ಅದರ ಆವೇಶ +2.

ಪ್ರಶ್ನೆ ಕೇಳಿದವರು:
ಆಕ್ಸಿಜನ್ ಎರಡು ಪಡೆಯುತ್ತದಲ್ಲ, ಎರಡು ಸಲವೂ ಶಕ್ತಿ ಹೊರಬರುತ್ತದೆಯೇ?

ಉತ್ತರ 1:
ಇಲ್ಲ. ಮೊದಲನೆಯದಕ್ಕೆ 141 ಹೊರಬರುತ್ತದೆ. ಎರಡನೆಯದನ್ನು ಈಗಾಗಲೇ ಋಣ ಆವೇಶವಿರುವ ಅಯಾನಿನೊಳಕ್ಕೆ ತುರುಕಬೇಕು, ವಿಕರ್ಷಣೆ ಮೀರಲು 700ಕ್ಕೂ ಹೆಚ್ಚು ಕೊಡಬೇಕು. ಅಲ್ಲೂ ಕೈಹಿಡಿಯುವುದು ಹರಳೇ. ಬಿಡಿಯಾಗಿ ಅನಿಲದಲ್ಲಿ ಆಕ್ಸೈಡ್ ಅಯಾನು ಉಳಿಯುವುದಿಲ್ಲ.

ಉತ್ತರ 3:
ಪರೀಕ್ಷೆಯಲ್ಲಿ ಅಂಕ ಹೋಗುವುದು ಕಬ್ಬಿಣದ ಅಯಾನುಗಳಲ್ಲಿ. ಎಲೆಕ್ಟ್ರಾನ್ ತುಂಬುವಾಗ 4ಎಸ್ ಉಪಕವಚ ಮೊದಲು, ನಂತರ 3ಡಿ ಉಪಕವಚ ಎಂದು ಕಲಿತವರು ತೆಗೆಯುವಾಗ 3ಡಿಯಿಂದ ಶುರು ಮಾಡುತ್ತಾರೆ. ಅದು ತಪ್ಪು. ಮೊದಲು ಹೋಗುವುದು 4ಎಸ್‌ನ ಎರಡೂ. ಆದ್ದರಿಂದ +2 ಕಬ್ಬಿಣದಲ್ಲಿ 3ಡಿಯ ಆರೂ ಹಾಗೇ ಇರುತ್ತವೆ, +3 ಆದಾಗ ಐದು. ಪ್ರೋಟಾನುಗಳು ಮಾತ್ರ ಎಲ್ಲ ಹಂತದಲ್ಲೂ 26.