ಬೆಲೆ ಸಿಗದ ಕೆಲಸದಲ್ಲಿ ಅಷ್ಟಕ್ಕಷ್ಟೇ ಇರೋದಾ, ಬೇರೆ ಕಡೆ ನೋಡೋದಾ?

ಕೇಳಿದ್ದು: ಮೈಸೂರಿನ ಹೂಟಗಳ್ಳಿ ಕಡೆ ವಾಹನಗಳ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ನಾಲ್ಕೂವರೆ ವರ್ಷ ಸರ್ವಿಸ್. ಆಡಿಟ್ ಬಂದರೆ ರಾತ್ರಿವರೆಗೂ ಇರಬೇಕು, ಹೊಸಬರಿಗೆ ಕಲಿಸಬೇಕು. ಇನ್‌ಕ್ರಿಮೆಂಟ್ ಮಾತ್ರ ಎಲ್ಲರಿಗೂ ಕೊಟ್ಟಷ್ಟೇ. ಹೇಳಿದ್ದಷ್ಟು ಮಾಡಿ ಟೈಮಿಗೆ ಸರಿಯಾಗಿ ಎದ್ದು ಹೋಗೋಣ ಅನ್ನಿಸ್ತಿದೆ. ಈ ಕ್ವೈಟ್ ಕ್ವಿಟಿಂಗ್ ಸರಿನಾ, ಇಲ್ಲಾ ಬೇರೆ ಕೆಲಸ ಹುಡುಕಲಾ? ನೋಟಿಸ್ 60 ದಿನ. ಮನೆ ಮಂಡ್ಯ. ತಿಳಿದವರು ಹೇಳಿ.

ಕುವೆಂಪುನಗರದಿಂದ, ಎಚ್‌ಆರ್ ವಿಭಾಗದವರು: ಸುಮ್ಮನೆ ಕೊಡ್ತಿರೋ ಹೆಚ್ಚುವರಿ ಗಂಟೆಗಳನ್ನ ವಾಪಸ್ ತಗೊಂಡು ಹುಡುಕಾಟಕ್ಕೆ ಹಾಕಿದರೆ ಮಾತ್ರ ಅದರಿಂದ ಲಾಭ. ಅದಕ್ಕೂ ಮೂರು ತಿಂಗಳ ಗಡುವು ಇಟ್ಕೊಳ್ಳಿ. ಗಡುವಿಲ್ಲದೆ ಶುರು ಮಾಡಿದರೆ ಎರಡು ವರ್ಷ ಕಳೆದರೂ ಅದೇ ಕುರ್ಚಿ, ರೆಸ್ಯೂಮೆಗೆ ಸೇರಿಸೋಕೆ ಒಂದು ಸಾಲೂ ಇರಲ್ಲ.

ಏನು ಬಿಡಬೇಕು, ಏನು ಬಿಡಬಾರದು ಅನ್ನೋದೇ ಇಲ್ಲಿ ಮುಖ್ಯ. ನಿಮ್ಮ ಸಹಿ ಬೀಳೋ ಯಾವುದನ್ನೂ ಸಡಿಲ ಬಿಡಬೇಡಿ: ಇನ್‌ಸ್ಪೆಕ್ಷನ್ ರಿಪೋರ್ಟ್, ಗೇಜ್ ಕ್ಯಾಲಿಬ್ರೇಷನ್ (ಅಳತೆ ಉಪಕರಣ ಸರಿ ಇದೆಯಾ ಅನ್ನೋ ಪರೀಕ್ಷೆ), ಗ್ರಾಹಕರ ದೂರಿಗೆ ಬರೆಯೋ 8ಡಿ (ತಪ್ಪಿನ ಮೂಲ ಹುಡುಕಿ ಸರಿಪಡಿಸಿದ ವರದಿ). ಕೆಟ್ಟ ಲಾಟ್ ಹೊರಗೆ ಹೋದರೆ ಬ್ಯಾಚ್ ನಂಬರ್ ಹಿಡಿದು ನಿಮ್ಮ ಹೆಸರಿಗೇ ಬಂದು ನಿಲ್ಲುತ್ತೆ. ಬಿಡಬಹುದಾದ್ದು: ಬೇರೆ ವಿಭಾಗದ ಪ್ರೆಸೆಂಟೇಷನ್ ಮಾಡಿಕೊಡೋದು, ಭಾನುವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಕೊಡೋದು, ನಿಮ್ಮ ಗುರಿಪಟ್ಟಿಯಲ್ಲೇ ಇಲ್ಲದ ತರಬೇತಿ. ಅದನ್ನೂ ಒಂದೇ ದಿನ ನಿಲ್ಲಿಸಿದರೆ ಎಲ್ಲರ ಕಣ್ಣಿಗೆ ಬೀಳ್ತೀರಿ. "ಈ ವಾರ ಇವೆರಡರಲ್ಲಿ ಯಾವುದು ಮೊದಲು ಬೇಕು ಸರ್?" ಅಂತ ಮೇಲ್ ಹಾಕಿ. ಬಿಟ್ಟ ಕೆಲಸ ಆಗ ಮ್ಯಾನೇಜರ್ ಒಪ್ಪಿ ಬಿಟ್ಟ ಕೆಲಸ ಆಗುತ್ತೆ. ಬಾಯಿಮಾತಲ್ಲಿ ಇಲ್ಲ ಅಂದರೆ "ಸಹಕಾರ ಕೊಡಲ್ಲ" ಅಂತ ಅಪ್ರೈಸಲ್‌ನಲ್ಲಿ ಬರೀತಾರೆ, ಆಮೇಲೆ ಪಿಐಪಿ ಕಾಗದ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸ್ಕೊಳ್ಳಿ ಅನ್ನೋ ಎಚ್ಚರಿಕೆ) ಬರುತ್ತೆ. ಪಿಐಪಿ ನಡೀತಿರೋವಾಗ ಹೊರಗಡೆ ಇಂಟರ್‌ವ್ಯೂಗೆ ಹೋಗೋದು ತುಂಬ ಕಷ್ಟ, ಮನಸ್ಸೇ ಕುಗ್ಗಿರುತ್ತೆ.

ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಕಾರ್ಖಾನೆ ಕಾನೂನಿನಲ್ಲಿ ಓಟಿ (ಹೆಚ್ಚುವರಿ ಗಂಟೆಯ ಸಂಬಳ) ಡಬಲ್ ರೇಟ್. ಆದರೆ ಮೇಲ್ವಿಚಾರಕರು ಅಂತ ತೋರಿಸಿರೋರಿಗೆ ಅದು ಸಿಗದೇ ಹೋಗಬಹುದು. ನೇಮಕಾತಿ ಪತ್ರದಲ್ಲಿ ನಿಮ್ಮ ಹುದ್ದೆ ಏನು ಬರೆದಿದೆ ಅಂತ ಮೊದಲು ತೆಗೆದು ನೋಡಿ.

ಸರಸ್ವತಿಪುರಂನಿಂದ: ಬಿಡೋ ಮುಂಚೆ ಒಂದು ಸಲ ಸರಿಯಾಗಿ ಕೇಳಿ. ಹೆಚ್ಚಿನವರು ಏಪ್ರಿಲ್‌ನಲ್ಲಿ ಪತ್ರ ಕೈಗೆ ಬಂದ ಮೇಲೆ ಬೇಜಾರು ಹೇಳ್ಕೋತಾರೆ. ಅಷ್ಟೊತ್ತಿಗೆ ಬಜೆಟ್ ಹಂಚಿ ಮುಗಿದಿರುತ್ತೆ. ಏಪ್ರಿಲ್ ಇನ್‌ಕ್ರಿಮೆಂಟ್ ಆದರೆ ಜನವರಿಯಲ್ಲೇ ಮಾತಾಡಿ. "ತುಂಬಾ ದುಡಿದಿದ್ದೀನಿ" ಅಂದರೆ ಯಾರಿಗೂ ನಾಟಲ್ಲ. ರಿಜೆಕ್ಷನ್ ಎಷ್ಟು ಪಿಪಿಎಂನಿಂದ (ಹತ್ತು ಲಕ್ಷ ಬಿಡಿಭಾಗಕ್ಕೆ ಎಷ್ಟು ಕೆಟ್ಟವು) ಎಷ್ಟಕ್ಕೆ ಇಳೀತು, ವರ್ಷದಲ್ಲಿ ಗ್ರಾಹಕರ ದೂರು ಎಷ್ಟು ಕಮ್ಮಿ ಆಯ್ತು, ಆಡಿಟ್‌ನಲ್ಲಿ ಮೇಜರ್ ಎನ್‌ಸಿ ಅಂದರೆ ದೊಡ್ಡ ಲೋಪ ಬಂತಾ ಇಲ್ವಾ, ಇವು ಒಂದೇ ಹಾಳೆಯಲ್ಲಿರಲಿ. ಕೇಳೋದೂ ಸ್ಪಷ್ಟವಾಗಿರಲಿ: ಇಷ್ಟು ಮೊತ್ತ, ಈ ಹುದ್ದೆ, ಈ ತಿಂಗಳೊಳಗೆ. "ನೋಡೋಣ" ಅಂದರೆ "ಯಾವಾಗ ಬಂದು ಕೇಳಲಿ ಸರ್?" ಅಂತ ದಿನಾಂಕ ತಗೊಂಡು, ಅವತ್ತೇ ಅದನ್ನ ಮೇಲ್‌ನಲ್ಲಿ ಬರೆದು ಕಳಿಸಿ. ಆ ದಿನಾಂಕ ಏನೂ ಆಗದೆ ದಾಟಿದರೆ ಅದೇ ನಿಮ್ಮ ಉತ್ತರ, ಎರಡನೇ ದಿನಾಂಕಕ್ಕೆ ಕಾಯಬೇಡಿ.

ಮಂಡ್ಯದಿಂದ: ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಮೂರೇ ನೋಡ್ಬೇಡಿ ಕಣಣ್ಣ. ನಿಮ್ಮನೆ ಮಂಡ್ಯ ಅಂದ್ಮೇಲೆ ಈ ಕಡೆ ಮದ್ದೂರಿನ ಸೋಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಅದೆ, ಬಿಡದಿನೂ ಅದೆ. ಬಿಡದಿಗೆ ಮಂಡ್ಯದಿಂದ ರೈಲಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟ್ರು, ತಿಂಗಳ ಪಾಸ್ ಮಾಡುಸ್ಕೊಬೋದು. ಪಾಸು 150 ಕಿಲೋಮೀಟ್ರುವರ್ಗೂ ಕೊಡ್ತಾರೆ, ಬೆಂಗ್ಳೂರೂ ಅದ್ರೊಳಗೇ ಬತ್ತದೆ. ಬೈಕಲ್ಲಿ ಹೋಯ್ತಿನಿ ಅಂದ್ರೆ ಎಕ್ಸ್‌ಪ್ರೆಸ್‌ವೇಗೆ ಬುಡಲ್ಲ, 2023ರ ಆಗಸ್ಟಿಂದ ಬೈಕು, ಆಟೋ ಎಲ್ಲಾ ಸರ್ವಿಸ್ ರೋಡಲ್ಲೇ. ಟೈಮು ಅದಕ್ ತಕ್ಕಂಗೆ ಲೆಕ್ಕ ಹಾಕಿ.

ಸಿಟಿಸಿ (ಕಂಪ್ನಿ ನಿಮ್ಗೆ ವರ್ಷಕ್ ಮಾಡೋ ಒಟ್ಟು ಖರ್ಚು) ನೋಡಿ ಮಾತ್ರ ಕುಣಿಬೇಡಿ. 8 ಲಕ್ಷ ಅಂತಾರೆ ಅನ್ಕೊಳಿ. ಬೇಸಿಕ್ ಅರ್ಧ, 4 ಲಕ್ಷ. ಆ 8 ಲಕ್ಷದಲ್ಲಿ ಕಂಪ್ನಿ ಪಾಲಿನ ಪಿಎಫ್ 48,000, ಗ್ರಾಚ್ಯುಟಿ (ಕೆಲ್ಸ ಬುಡೋವಾಗ ಕೊಡೋ ಸೇವಾ ಹಣ) ಅಂತ ಬೇಸಿಕ್ಕಿನ 4.81 ಪರ್ಸೆಂಟು 19,240, ವೇರಿಯಬಲ್ (ಸಾಧನೆ ನೋಡಿ ಕೊಡದು) 80,000, ನಿಮ್ ಪಾಲಿನ ಪಿಎಫ್ ಇನ್ನೊಂದು 48,000. ಎಲ್ಲಾ ಕಳುದ್ರೆ ತಿಂಗ್ಳಿಗೆ ಕೈಗೆ ಬರದು 50 ಸಾವ್ರದ ಆಸುಪಾಸು. ಎಂಟ್ ಲಕ್ಷನ ಹನ್ನೆರಡ್ರಿಂದ ಭಾಗ್ಸಿ 66 ಸಾವ್ರ ಅನ್ಕೊಂಡು ಬೆಂಗ್ಳೂರಲ್ಲಿ ಮನೆ ಹಿಡುದ್ರೆ ಬಾಡ್ಗೆ, ಅಡ್ವಾನ್ಸು ಸೇರಿ ಇಲ್ಲಿಗಿಂತ ಕಮ್ಮಿ ಉಳಿತದೆ. ಆಫರ್ ಲೆಟ್ರು ಜೊತೆ ಸಂಬಳದ ಬ್ರೇಕಪ್ ಕೇಳಿ ಇಸ್ಕೊಳಿ, ನಾಚ್ಕೊಬೇಡಿ.

ವಿಜಯನಗರದಿಂದ, ಪೇರೋಲ್ ಕೆಲಸದವರು: ನಿಮ್ಮ ನಾಲ್ಕೂವರೆ ವರ್ಷದ ಬಗ್ಗೆ ಯಾರೂ ಹೇಳಲಿಲ್ಲ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗೋಕೆ 5 ವರ್ಷ ಆಗಬೇಕು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 20,000 ಇದ್ದರೆ 20,000 × 15 ÷ 26 × 5, ಅಂದರೆ 57,692 ರೂಪಾಯಿ. 4 ವರ್ಷ 240 ದಿನ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಇದೆ. ಆದರೆ ಕಂಪನಿ ಒಪ್ಪದಿದ್ದರೆ ಓಡಾಟ ನಿಮ್ಮದೇ, ಹಾಗಾಗಿ 5 ವರ್ಷ ದಾಟಿಸೋದೇ ಕ್ಷೇಮ. ಹೇಗೂ ಹುಡುಕೋಕೆ ಮೂರ್ನಾಲ್ಕು ತಿಂಗಳು, ನೋಟಿಸ್ ಎರಡು ತಿಂಗಳು. ನೋಟಿಸ್‌ನಲ್ಲಿ ದುಡಿದ ದಿನವೂ ಸರ್ವಿಸ್‌ಗೆ ಸೇರುತ್ತೆ. ಈಗಲೇ ಶುರು ಮಾಡಿದರೆ ಸರಿಯಾಗಿ ಕೂರುತ್ತೆ.

ಪಿಎಫ್ ತೆಗೀಬೇಡಿ, ನಿಮ್ಮ ಪಿಎಫ್ ಸಂಖ್ಯೆಯಾದ ಅದೇ ಯುಎಎನ್‌ನಲ್ಲಿ ಹೊಸ ಕಂಪನಿಗೆ ವರ್ಗಾಯಿಸಿ. ಹಳೇ ಕಂಪನಿಯವರು ಬಿಟ್ಟ ದಿನಾಂಕ ಹಾಕದೆ ಇದ್ದರೆ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತೆ. ಕೊನೆಯ ಜಮೆ ಆಗಿ ಎರಡು ತಿಂಗಳ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ವರ್ಷದ ಮಧ್ಯೆ ಸೇರಿದರೆ ಹಳೇ ಸಂಬಳ, ಕಡಿತ ಆದ ಟಿಡಿಎಸ್ (ಸಂಬಳದಲ್ಲೇ ಹಿಡಿದ ಆದಾಯ ತೆರಿಗೆ) ವಿವರ ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ ಅದೇ ವಿನಾಯಿತಿ ಲೆಕ್ಕ ಹಾಕಿ ತೆರಿಗೆ ಕಮ್ಮಿ ಹಿಡೀತಾರೆ, ರಿಟರ್ನ್ ಹಾಕುವಾಗ ಬಾಕಿ ಬಡ್ಡಿ ಸಮೇತ ಬರುತ್ತೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತೆ. ಅಪ್ಪ ಅಮ್ಮ ಅದರಲ್ಲಿದ್ದರೆ ಮಧ್ಯದ ದಿನಗಳಿಗೆ ಬೇರೆ ಪಾಲಿಸಿ ಮೊದಲೇ ಮಾಡಿಸಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹೊಸ ಕಂಪನಿಯವರು 30 ದಿನದಲ್ಲೇ ಬನ್ನಿ ಅಂದರೆ?

ವಿಜಯನಗರದಿಂದ: ಮೊದಲು ಸಹಿ ಇರೋ ಆಫರ್ ಲೆಟರ್ ಕೈಗೆ ಬರಲಿ, ರಾಜೀನಾಮೆ ಆಮೇಲೆ. ಅದನ್ನೂ ಮೇಲ್‌ನಲ್ಲಿ, ಕೊನೆಯ ದಿನಾಂಕ ಬರೆದು ಕಳಿಸಿ. ಉಳಿದ 30 ದಿನಕ್ಕೆ ದುಡ್ಡು ಕಟ್ಟಿ ಹೋಗೋ ಅವಕಾಶ ಇದೆಯಾ, ಅದು ಬೇಸಿಕ್ ಮೇಲಾ ಪೂರ್ತಿ ಸಂಬಳದ ಮೇಲಾ ಅಂತ ನೇಮಕಾತಿ ಪತ್ರದಲ್ಲಿ ನೋಡಿ. ಉಳಿದ ಇಎಲ್ (ಗಳಿಕೆ) ರಜೆಯನ್ನ ಆ ದಿನಗಳಿಗೆ ಹೊಂದಿಸ್ಕೊಳ್ತಾರಾ ಕೇಳಿ. ಆ ಮೊತ್ತ ಕೊಡ್ತೀರಾ ಅಂತ ಹೊಸಬರನ್ನೂ ಕೇಳಬಹುದು, ಅರ್ಜೆಂಟ್ ಅವರದ್ದೇ ತಾನೇ. ರಿಲೀವಿಂಗ್ ಲೆಟರ್ ಇಲ್ಲದೆ ಮಾತ್ರ ಹೊರಡಬೇಡಿ, ಹಿನ್ನೆಲೆ ಪರಿಶೀಲನೆಯಲ್ಲಿ ಮೊದಲು ಕೇಳೋದೇ ಅದು. 5 ವರ್ಷಕ್ಕೆ ಕೆಲವೇ ವಾರ ಉಳಿದಿದ್ದರೆ ಪೂರ್ತಿ 60 ದಿನ ಮುಗಿಸಿಯೇ ಬರ್ತೀನಿ ಅನ್ನಿ.